ಪರದೆಯ ಮೇಲೊಂದು ಹಲ್ಲುನೋವು

ನನ್ನ ಷಡ್ಡಕ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವನು ಯಾರ ಮೇಲೂ ರೇಗುವುದಿಲ್ಲ, ಯಾರ ಬಗ್ಗೆಯೂ ಚಾಡಿ ಹೇಳುವುದಿಲ್ಲ, ಕರೆದ ಕಡೆಗೆ ಕರೆದ ಹೊತ್ತಿಗೆ ಹಾಜರಾಗುತ್ತಾನೆ. ಒಬ್ಬ ಅಳಿಯ ಇಷ್ಟೊಂದು ಒಳ್ಳೆಯವನಾಗಿಬಿಟ್ಟರೆ ಆ ಮನೆಯ ಉಳಿದ ಅಳಿಯಂದಿರ ಗತಿಯೇನು ಎಂದು ಅವನು ಒಂದು ದಿನವೂ ಯೋಚಿಸಿದವನಲ್ಲ. ಉಳಿದ ಅಳಿಯಂದಿರು ಎಂದರೆ ನಾನೊಬ್ಬನೇ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಟೈರಿನ ಅಂಗಡಿ ಇಟ್ಟಿದ್ದಾನೆ. ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮ ಮಾವನ ಮನೆಯಲ್ಲಿ ಮೊದಲಿನಿಂದಲೂ ಒಂದು ವ್ಯವಸ್ಥೆ ಇತ್ತು. ಯಾರದಾದರೂ ಗಾಡಿ ದಾರಿಯಲ್ಲಿ ಕೂತರೆ ಅವನಿಗೆ ಫೋನು, ಏನಾದರೂ ಚಿತ್ರ ಬರೆಯಬೇಕಾದರೆ ನನಗೆ. ಮಾವನ ಮನೆಯ ಹಾಲಿನಲ್ಲಿ ತೂಗುಹಾಕಿರುವ ಅತ್ತೆಯವರ ಭಾವಚಿತ್ರ ನನ್ನದೇ. ಮೂಗು ಮಾತ್ರ ಮಾವನದು ಬಂದುಬಿಟ್ಟಿದೆ ಎಂದು ಆಡಿಕೊಳ್ಳುವವರಿದ್ದಾರೆ. ಅಂಥವರು ಎಲ್ಲ ಮನೆಯಲ್ಲೂ ಇರುತ್ತಾರೆ. ಒಟ್ಟಿನಲ್ಲಿ ಬಂಧುಬಳಗದಲ್ಲಿ 'ಕಲಾವಿದರು' ಎಂದರೆ ನಾನು, 'ಟೈರು' ಎಂದರೆ ಅವನು. ಜಗತ್ತು ಸರಿಯಾಗಿಯೇ ನಡೆಯುತ್ತಿತ್ತು.

ಅದನ್ನು ಕೆಡಿಸಿದವನು ಅವನೇ. "ಅಣ್ಣಾ, ಭಾನುವಾರ ಎಲ್ಲರೂ ಮನೆಗೆ ಬನ್ನಿ, ಒಂದು ತಮಾಷೆ ತೋರಿಸ್ತೀನಿ" ಎಂದು ಕರೆದ. ಹೋಗಿ ನೋಡಿದರೆ ಅವನ ಮೇಜಿನ ಮೇಲೆ ಒಂದು ಪರದೆ ಓರೆಯಾಗಿ ಒರಗಿಕೊಂಡಿತ್ತು. ಅದಕ್ಕೆ ಪೆನ್ ಡಿಸ್‌ಪ್ಲೇ ಎನ್ನುತ್ತಾರಂತೆ. ಕಂಪ್ಯೂಟರಿಗೆ ಜೋಡಿಸಿದ ಆ ಪರದೆಯ ಮೇಲೆ ಒಂದು ಪೆನ್ನಿನಿಂದ ನೇರವಾಗಿ ಚಿತ್ರ ಬರೆಯಬಹುದು. ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬದಲಾದ ಚಿತ್ರಗಳನ್ನು ಬರೆದು ಗುಂಡಿ ಒತ್ತಿದರೆ ಚಿತ್ರಕ್ಕೆ ಜೀವ ಬಂದು ಓಡಾಡುತ್ತದೆ. ಷಡ್ಡಕ ಗುಂಡಿ ಒತ್ತಿದ. ಕಣ್ಣು ಮೀಸೆ ಎಲ್ಲ ಇರುವ ಒಂದು ಟೈರು ಏದುಸಿರು ಬಿಡುತ್ತಾ ದಿಣ್ಣೆ ಹತ್ತಿತು. ತುದಿಯಲ್ಲಿ ನಿಂತು ಬೆವರು ಒರೆಸಿಕೊಂಡಿತು. ಆಮೇಲೆ ನಮ್ಮ ಕಡೆ ತಿರುಗಿ ಕಣ್ಣು ಹೊಡೆಯಿತು.

ಮಾವ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ತಂಗಿಯ ಭುಜ ಹಿಡಿದುಕೊಂಡು ನಕ್ಕಳು. ನನ್ನ ಯಾವ ಚಿತ್ರವನ್ನು ನೋಡಿಯೂ ಆಕೆ ಯಾರ ಭುಜವನ್ನೂ ಹಿಡಿದುಕೊಂಡದ್ದಿಲ್ಲ.

"ಅಳಿಯಂದಿರೇ," ಎಂದರು ಮಾವ, ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಚಿತ್ರ ಯಾಕೆ ಅಲ್ಲಾಡಲ್ಲ?"

"ಅಲ್ಲಾಡಬಾರದು ಅಂತಲೇ ಮಾವ, ಮೊಳೆ ಹೊಡೆದಿರೋದು" ಎಂದೆ.

ಯಾರೂ ನಗಲಿಲ್ಲ. ಷಡ್ಡಕ ಒಬ್ಬನೇ ನಕ್ಕ, ಅದೂ ಮನಸಾರೆ. ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆ ಗಳಿಗೆಯಲ್ಲೇ.

ಅಲ್ಲಿಗೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದಾರೆ. ಅವರ ಕ್ಲಿನಿಕ್ಕಿನ ಬೋರ್ಡಿನ ಮೇಲಿರುವ ಹೊಳೆಯುವ ಹಲ್ಲು ನಾನು ಬರೆದದ್ದು. ಅವರಿಗೆ ಹೊರಗೆ ಕಾಯುವ ಮಕ್ಕಳಿಗೆ ತೋರಿಸಲು ಒಂದು ಪುಟ್ಟ ಕಾರ್ಟೂನು ಬೇಕಾಗಿತ್ತು. "ಮಕ್ಕಳು ಬಾಗಿಲ ಚೌಕಟ್ಟನ್ನೇ ತಬ್ಕೊಂಡು ನಿಂತ್ಬಿಡ್ತವೆ, ಬಿಡಿಸೋಷ್ಟರಲ್ಲಿ ನಂಗೆ ಸುಸ್ತಾಗುತ್ತೆ" ಎಂದು ಹೇಳಿಕೊಂಡರಂತೆ. ನನ್ನ ಹತ್ತಿರ ಹೇಳಿಕೊಂಡಿದ್ದರೆ ಚೆನ್ನಾಗಿತ್ತು. ಹಲ್ಲಿನ ಸೆಟ್ಟು ಸರಿಮಾಡಿಸಲು ಹೋಗಿದ್ದ ನಮ್ಮ ಮಾವನ ಹತ್ತಿರ ಹೇಳಿಕೊಂಡರು. ಬಾಯಿಯಲ್ಲಿ ಹಲ್ಲಿಲ್ಲದಿದ್ದರೂ ಮಾವ, "ನಮ್ಮ ಚಿಕ್ಕಳಿಯಂದಿರು ಇದಾರಲ್ಲ!" ಎಂದುಬಿಟ್ಟರು. ಬೋರ್ಡು ಬರೆದವನು ನಾನು ಎಂಬ ದಾಕ್ಷಿಣ್ಯಕ್ಕೆ ಡಾಕ್ಟರು, "ಇಬ್ಬರೂ ಒಂದೊಂದು ಮಾದರಿ ಮಾಡ್ಲಿ, ಬರೋ ಭಾನುವಾರ ಮೇಷ್ಟ್ರ ಮನೇಲೇ ಕೂತು ನೋಡೋಣ" ಎಂದರು.

ಇದರಲ್ಲಿ ನನ್ನದೇನು ಹೋಗುತ್ತದೆ ಎಂದು ನೀವು ಕೇಳಬಹುದು. ನಾನು ದಿನವೂ ಶಾಲೆಗೆ ಹೋಗುವುದು ಆ ಕ್ಲಿನಿಕ್ಕಿನ ಮುಂದೆಯೇ. ಒಳಗೆ ಷಡ್ಡಕನ ಹಲ್ಲು ಕುಣಿಯುತ್ತಾ, ಹೊರಗೆ ನನ್ನ ಹಲ್ಲು ಬಿಸಿಲಿಗೆ ಬಣ್ಣ ಬಿಡುತ್ತಾ ಇರುವುದನ್ನು ನೋಡಿಕೊಂಡು ಓಡಾಡಬೇಕು. ನನಗಿದ್ದ ಆಸ್ತಿ ಎಂದರೆ 'ಕಲಾವಿದರು' ಎಂಬ ಆ ಒಂದು ಮಾತು. ಅದೂ ಟೈರಿನಡಿ ಸಿಕ್ಕಿದರೆ ನನ್ನ ಹತ್ತಿರ ಉಳಿಯುವುದೇನು?

ಮಾರನೆಯ ದಿನವೇ ಅಂಗಡಿಗೆ ಹೋಗಿ ಅವನದಕ್ಕಿಂತ ಒಂದು ಬೆರಳಷ್ಟಾದರೂ ದೊಡ್ಡದಾದ ಪರದೆ ಬೇಕು ಎಂದೆ. "ಏನು ಕೆಲಸಕ್ಕೆ ಸಾರ್?" ಎಂದು ಅಂಗಡಿಯವನು ಕೇಳಿದ. ಅದನ್ನು ಹೇಳುವ ಹಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಹೊರಬಂದದ್ದು ಒಂದು ಕರಿಯ ಕೈಗವಸು. ಕಿರುಬೆರಳು, ಉಂಗುರದ ಬೆರಳು ಎರಡಕ್ಕೇ ಬಟ್ಟೆ, ಉಳಿದದ್ದು ಬಯಲು. ಅಂಗೈ ಪರದೆಗೆ ಅಂಟಿಕೊಳ್ಳದೆ ಜಾರಲಿ ಎಂದು ಹಾಗೆ ಮಾಡಿರುತ್ತಾರೆ. ನನ್ನ ಹೆಂಡತಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ರೀ, ಮಿಕ್ಕಿದ ಬೆರಳು ಎಲ್ಲಿ? ನಿಮಗೆ ಟೋಪಿ ಹಾಕಿದಾನೆ, ಹೋಗಿ ವಾಪಸ್ ಕೊಟ್ಟು ಬನ್ನಿ."

"ಕಲಾವಿದರ ಗ್ಲೌಸು ಹಾಗೇ ಇರುತ್ತೆ."

"ನನ್ನ ತಂಗಿ ಗಂಡನ್ನ ಕರೆಯಲಾ? ಅವರು ಕೂತ ಕೂತಲ್ಲೇ ಎಲ್ಲ ಜೋಡಿಸಿಕೊಟ್ಟು ಹೋಗ್ತಾರೆ."

ನಾನು ಮೈ ಪರಚಿಕೊಳ್ಳುವುದೊಂದು ಬಾಕಿ. "ಈ ರೂಮಿನೊಳಗೆ ಅವನ ನೆರಳೂ ಬೀಳಬಾರದು" ಎಂದು ಬಾಗಿಲು ಹಾಕಿಕೊಂಡೆ.

ಮೇಜು ಕಿಟಕಿಯ ಪಕ್ಕಕ್ಕೆ ಬಂತು. ಅದರ ಒಂದು ಕಾಲು ಮೋಟು, ಅಡಿಯಲ್ಲಿ ರಟ್ಟು ಮಡಚಿ ಇಟ್ಟೆ. ಕುರ್ಚಿ ತೀರ ತಗ್ಗಾಗಿ ಕಂಡದ್ದರಿಂದ ಅಟ್ಟದ ಟ್ರಂಕನ್ನು ಇಳಿಸಿ, ಉದ್ದಕ್ಕೆ ನಿಲ್ಲಿಸಿ ಅದರ ಮೇಲೆ ಕೂತೆ. ಪರದೆ, ಕಂಪ್ಯೂಟರು, ಕರೆಂಟು ಎಲ್ಲಕ್ಕೂ ವೈರು ಎಳೆದೆ. ಪರದೆ ಕಪ್ಪಗೇ ಇತ್ತು. ಷಡ್ಡಕನನ್ನು ಕರೆಯುವುದಕ್ಕಿಂತ ಯಾರನ್ನು ಕರೆದರೂ ಆದೀತು ಎಂದು ಪಕ್ಕದ ಮನೆಯ ರಿಟೈರ್ಡ್ ಬಸ್ ಕಂಡಕ್ಟರನ್ನು ಕರೆದೆ. ಅವರು ಬಗ್ಗಿ ನೋಡಿ, ಅರ್ಧಕ್ಕೇ ನಿಂತಿದ್ದ ಒಂದು ವೈರನ್ನು ಹೆಬ್ಬೆರಳಿನಿಂದ ಒತ್ತಿದರು.

"ಎಲ್ಲ ಬಾಗಿಲಲ್ಲೇ ನಿಂತ್ಕೊಂಡ್ರೆ ಹೇಗೆ ಸಾರ್? ಒಳಗೆ ಹೋಗಿ, ಒಳಗೆ ಜಾಗ ಇದೆ!"

ಪರದೆ ಝಗ್ಗೆಂದು ಹತ್ತಿತು. ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ಒಂದೇ ಪರದೆಯಲ್ಲಿ ಚಿತ್ರ ಬರಬೇಕೋ, ಬೇರೆ ಬೇರೆ ಪರದೆಗೆ ಬೇರೆ ಬೇರೆ ಬರಬೇಕೋ, ಎಲ್ಲ ಪರದೆಗೂ ಒಂದೇ ಬರಬೇಕೋ?

"ಎಲ್ಲರಿಗೂ ಒಂದೇ ಕೊಡಿ ಸಾರ್," ಎಂದರು ಕಂಡಕ್ಟರು, "ಆಮೇಲೆ ಜಗಳ ಇರಲ್ಲ."

ಅನುಭವಸ್ಥರ ಮಾತು. ಹಾಗೇ ಮಾಡಿದೆ. ನನ್ನ ಲೆಕ್ಕದಲ್ಲಿ 'ಎಲ್ಲ ಪರದೆ' ಎಂದರೆ ಕಂಪ್ಯೂಟರಿನದು ಮತ್ತು ಪೆನ್ನಿನದು. ಹೆಂಡತಿ ಸಿನಿಮಾ ನೋಡಲೆಂದು ಅದೇ ಕಂಪ್ಯೂಟರಿನಿಂದ ಇನ್ನೊಂದು ವೈರು ಗೋಡೆಯ ತೂತಿನಲ್ಲಿ ನುಸುಳಿ ಹಾಲಿನ ಟಿವಿಗೆ ಹೋಗಿತ್ತು. ಅದು ನನಗೆ ನೆನಪಾಗಲಿಲ್ಲ. ಕಂಡಕ್ಟರಿಗಂತೂ ಗೊತ್ತೇ ಇರಲಿಲ್ಲ.

ಆಮೇಲೆ ಪೆನ್ನಿಗೆ ಪರದೆಯ ಅಳತೆ ಹೇಳಿಕೊಡಬೇಕು. ಪರದೆಯ ಮೂಲೆಗಳಲ್ಲಿ ಒಂದೊಂದು ಗುರುತು ಬರುತ್ತದೆ, ಅದರ ನೆತ್ತಿಗೇ ಪೆನ್ನಿನ ಮೊನೆ ತಾಗಿಸಬೇಕು. ನಾನು ತಾಗಿಸುತ್ತಿದ್ದ ಹೊತ್ತಿಗೇ ರಟ್ಟು ಜಾರಿ ಮೇಜು ವಾಲಿತು. ಮೇಜನ್ನು ಮೊಣಕಾಲಲ್ಲಿ ತಡೆದು, ಕತ್ತನ್ನು ಎಡಗಡೆಗೆ ಕೊಂಕಿಸಿಕೊಂಡು ಕೆಲಸ ಮುಗಿಸಿದೆ. ಯಂತ್ರ ನನ್ನ ಆ ಭಂಗಿಯನ್ನೇ ನನ್ನ ಸ್ವಭಾವ ಎಂದು ತಿಳಿದುಕೊಂಡಿತು. ಅಲ್ಲಿಂದ ಮುಂದೆ ನೆಟ್ಟಗೆ ಕೂತು ಗೀಟೆಳೆದರೆ ಗೀಟು ಪೆನ್ನಿನಿಂದ ದೂರ ಎಲ್ಲೋ ಹೋಗಿ ಬೀಳುತ್ತಿತ್ತು. ಕತ್ತು ಕೊಂಕಿಸಿದರೆ ಮಾತ್ರ ಪೆನ್ನಿನ ಅಡಿಗೆ ಬರುತ್ತಿತ್ತು. ಇದು ವೃತ್ತಿಪರರ ಪದ್ಧತಿ ಇರಬೇಕೆಂದು ನಾನು ಕತ್ತು ಕೊಂಕಿಸಿಕೊಂಡೇ ಅಭ್ಯಾಸ ಮಾಡಿದೆ. ವಾರ ಮುಗಿಯುವಷ್ಟರಲ್ಲಿ ಕತ್ತು ಹಾಗೆಯೇ ನಿಂತಿತು. ಬೀದಿಯಲ್ಲಿ ಎದುರಾದವರೆಲ್ಲ ನಾನು ಅವರ ಮಾತನ್ನು ನಂಬುತ್ತಿಲ್ಲ ಎಂದು ತಿಳಿದು ಆಣೆ ಪ್ರಮಾಣ ಮಾಡತೊಡಗಿದರು.

ಯಂತ್ರದ ಜೊತೆ ಬಂದ ಪಾಠದಲ್ಲಿ ಇನ್ನೊಂದು ಗುಟ್ಟು ಹೇಳಿದ್ದರು. ಕಾರ್ಟೂನು ಮಾಡುವವರು ಮೇಜಿನ ಮೇಲೆ ಒಂದು ಕನ್ನಡಿ ಇಟ್ಟುಕೊಳ್ಳುತ್ತಾರಂತೆ. ಅಳುವ ಮುಖ ಬೇಕಾದರೆ ತಾವೇ ಅತ್ತು, ನಗುವ ಮುಖ ಬೇಕಾದರೆ ತಾವೇ ನಕ್ಕು, ಕನ್ನಡಿ ನೋಡಿಕೊಂಡು ಬರೆಯುತ್ತಾರಂತೆ. ಹೆಂಡತಿಯ ಕನ್ನಡಿ ನನ್ನ ಮೇಜಿಗೆ ಬಂತು. ಒಂದು ಹಲ್ಲಿಗೆ ಕೈಕಾಲು ಬರೆದು ಕುಣಿಸಿದೆ. ಹೆಂಡತಿ ಇಣುಕಿ ನೋಡಿ, "ಅಯ್ಯೋ ಪಾಪ, ಅದಕ್ಕೆ ಏನು ಕಚ್ಚಿತು?" ಎಂದಳು.

ಭಾನುವಾರ ಬಂತು. ಮಾವ, ಡಾಕ್ಟರು, ಷಡ್ಡಕ, ನಾದಿನಿ, ಕರೆಯದಿದ್ದರೂ ಕಂಡಕ್ಟರು, ಎಲ್ಲರೂ ನಮ್ಮ ಹಾಲಿನಲ್ಲಿ ಸೇರಿದರು. ನಾನು ರೂಮಿನೊಳಗಿಂದಲೇ, "ಕೊನೇ ಕೈ ಆಡಿಸ್ತಾ ಇದೀನಿ, ಟೀ ಕುಡೀತಿರಿ" ಎಂದೆ. ಕೊನೆಯ ಕೈ ಏನೂ ಇರಲಿಲ್ಲ. ಹಲ್ಲಿನ ಒಂದು ಕಾಲು ಕುಣಿಯುವಾಗ ಮಾಯವಾಗುತ್ತಿತ್ತು, ಅದನ್ನು ಹುಡುಕುತ್ತಿದ್ದೆ.

ಹೊರಗೆ ಷಡ್ಡಕ ತನ್ನ ಮಾದರಿಯನ್ನು ಫೋನಿನಲ್ಲಿ ತೋರಿಸುತ್ತಿದ್ದ. ನಗು ಕೇಳಿಸಿತು. "ಭೇಷ್!" ಎಂದರು ಮಾವ. "ಮುದ್ದಾಗಿದೆ" ಎಂದರು ಡಾಕ್ಟರು. "ಇನ್ನೊಂದ್ಸಲ ಹಾಕಿ, ಇನ್ನೊಂದ್ಸಲ" ಎಂದವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ.

ನನಗೆ ತಡೆಯಲಾಗಲಿಲ್ಲ. ಹಲ್ಲನ್ನು ಮೂಲೆಗೆ ಸರಿಸಿ ಹೊಸ ಹಾಳೆ ತೆರೆದೆ. ಅದರ ಮೇಲೆ ಷಡ್ಡಕನನ್ನು ಬರೆಯತೊಡಗಿದೆ. ಯಾರಿಗೂ ತೋರಿಸಲಿಕ್ಕಲ್ಲ, ನನ್ನ ಹೊಟ್ಟೆ ತಣ್ಣಗಾಗಲಿಕ್ಕೆ. ಗುಂಡು ತಲೆ, ಊದಿದ ಕೆನ್ನೆ. ಅವನೇ ಎಂದು ಗೊತ್ತಾಗಲು ಸೊಂಟದ ಸುತ್ತ ಒಂದು ಟೈರು, ಗೀರುಗಳ ಸಮೇತ. ಮುಖದಲ್ಲಿ ಅವನ ಜಂಬ, ಅವನ ಡೌಲು, ಅವನ ಒಳಗಿನ ಕೊಳಕೆಲ್ಲ ಕಾಣಬೇಕು ಎಂದು ಪಾಠದಲ್ಲಿ ಹೇಳಿದ ಹಾಗೆ ಕನ್ನಡಿ ನೋಡಿಕೊಂಡು ಹಲ್ಲು ಕಡಿದೆ, ಕಣ್ಣು ಕಿರಿದು ಮಾಡಿದೆ. ಕನ್ನಡಿಯಲ್ಲಿ ಎಂಥ ಅದ್ಭುತವಾದ ಮುಖ ಕಂಡಿತು! ಹಾಗೆಯೇ ಇಳಿಸಿದೆ. ಒಂದರ ಹಿಂದೊಂದು ಚಿತ್ರ ತಾನಾಗಿಯೇ ಬಂತು.

ಅತ್ತ ಹಾಲಿನಲ್ಲಿ ಆದದ್ದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಮಾವ ವಾರ್ತೆ ನೋಡೋಣವೆಂದು ರಿಮೋಟ್ ಒತ್ತಿದರು. ಟಿವಿಯಲ್ಲಿ ಒಂದು ತಲೆ ಮೂಡಿತು.

"ಇದು ಯಾವ ಚಾನೆಲ್ಲು?" ಎಂದರಂತೆ ಮಾವ. "ಒಬ್ಬ ಮನುಷ್ಯ ಸುಮ್ಮನೆ ಸಂಕಟ ಪಡ್ತಿದಾನೆ."

"ಸಾರ್, ಇದು ಮೇಷ್ಟ್ರ ಮುಖ ಅಲ್ವಾ?" ಎಂದರಂತೆ ಕಂಡಕ್ಟರು.

"ಹೌದಲ್ವಾ! ಕತ್ತು ನೋಡಿ, ಎಡಕ್ಕೇ ಇದೆ!" ಎಂದಳಂತೆ ನಾದಿನಿ.

ಎಲ್ಲರೂ ಹೋ ಎಂದು ನಕ್ಕರು. ಷಡ್ಡಕನ ಮಾದರಿಯನ್ನು ಇನ್ನೂ ನೋಡಿ ನಗುತ್ತಿದ್ದಾರೆ ಎಂದುಕೊಂಡು ನಾನು ಇತ್ತ ಮತ್ತಷ್ಟು ಉರಿದೆ. ಉರಿದಷ್ಟೂ ಕನ್ನಡಿಯಲ್ಲಿ ಮುಖ ಇನ್ನಷ್ಟು ಚೆನ್ನಾಗಿ ಬರುತ್ತಿತ್ತು. ದವಡೆ ಬಿಗಿದು, ಒಂದು ಕೆನ್ನೆ ಉಬ್ಬಿಸಿ, ಕಣ್ಣಂಚಿನಲ್ಲಿ ನೀರು ತಂದುಕೊಂಡು ಬರೆದೆ. ಹೊರಗೆ ನಗು ಹೆಚ್ಚಾಯಿತು. ಹೊಟ್ಟೆಯುರಿಯಿಂದ ಕೆನ್ನೆಯ ಮೇಲೆ ಕೈ ಇಟ್ಟುಕೊಂಡೆ, ಅದನ್ನೂ ಬರೆದೆ. ಹೊರಗೆ ಯಾರೋ ಕೆಮ್ಮುವಷ್ಟು ನಕ್ಕರು. ಗುಂಡಿ ಒತ್ತಿ ಅದನ್ನೆಲ್ಲ ಒಟ್ಟಿಗೆ ಓಡಿಸಿದೆ. ಪರದೆಯ ಮೇಲೆ ಟೈರಿನ ಮನುಷ್ಯ ಮುಲುಗಿ, ನರಳಿ, ಕೆನ್ನೆ ಹಿಡಿದುಕೊಂಡು ಗೋಡೆಗೆ ಹಣೆ ಚಚ್ಚಿಕೊಂಡ. ಹೊರಗೆ ಚಪ್ಪಾಳೆ ಬಿತ್ತು. ಷಡ್ಡಕನಿಗೆ ಚಪ್ಪಾಳೆ! ನನ್ನ ಮನೆಯಲ್ಲಿ!

ಬಾಗಿಲು ಧಡಾರನೆ ತೆರೆಯಿತು. ಡಾಕ್ಟರು ಮುಂದೆ, ಉಳಿದವರು ಹಿಂದೆ. ಅವರ ಬೆನ್ನ ಹಿಂದೆ ಹಾಲಿನ ಟಿವಿಯಲ್ಲಿ ನನ್ನ ಟೈರಿನ ಮನುಷ್ಯ ಇನ್ನೂ ಹಣೆ ಚಚ್ಚಿಕೊಳ್ಳುತ್ತಿದ್ದ. ಗೋಡೆಯ ತೂತಿನ ವೈರು ನನಗೆ ಆಗ ನೆನಪಾಯಿತು. ನಾನು ಎದ್ದು ನಿಂತು ಷಡ್ಡಕನ ಎರಡೂ ಕೈ ಹಿಡಿದುಕೊಂಡೆ.

"ನೋಡಪ್ಪಾ, ಅದು... ನಿನ್ನ ಬಗ್ಗೆ ನನಗೇನೂ..."

"ಅಣ್ಣಾ!" ಎಂದ ಷಡ್ಡಕ. ಅವನ ಕಣ್ಣಲ್ಲಿ ನೀರಿತ್ತು. "ತನ್ನನ್ನ ತಾನೇ ಹೀಗೆ ಗೇಲಿ ಮಾಡ್ಕೊಳ್ಳೋಕೆ ಎಷ್ಟು ದೊಡ್ಡ ಮನಸ್ಸು ಬೇಕು! ನಿಮ್ಮ ಹೊಟ್ಟೆ ಜಾಗದಲ್ಲಿ ಟೈರು ಹಾಕಿದೀರಲ್ಲ, ನಮ್ಮ ಅಂಗಡೀಲೂ ಅಷ್ಟು ಒಳ್ಳೆ ಟೈರಿಲ್ಲ."

ನಾನು ಬಗ್ಗಿ ನನ್ನ ಹೊಟ್ಟೆ ನೋಡಿಕೊಂಡೆ. ಅಲ್ಲಗಳೆಯುವಂತಿರಲಿಲ್ಲ.

"ಮೇಷ್ಟ್ರೇ," ಎಂದರು ಡಾಕ್ಟರು ಗಂಭೀರವಾಗಿ, "ಇಷ್ಟು ವರ್ಷದಿಂದ ಹಲ್ಲುನೋವಿನವರನ್ನ ನೋಡ್ತಿದೀನಿ. ಇಂಥಾ ಅಪ್ಪಟ ಹಲ್ಲುನೋವು ಕಂಡಿರಲಿಲ್ಲ. ಆ ದವಡೆ, ಆ ಕಣ್ಣು! ಇದೇ ಬೇಕು ನಂಗೆ."

"ನಿಜ ಹೇಳ್ರೀ," ಎಂದಳು ಹೆಂಡತಿ, "ನಿಮಗೆ ಯಾವಾಗಿಂದ ಹಲ್ಲುನೋವು? ನಿಮ್ಮ ತಮ್ಮನ ಮನೆಗೆ ಹೋಗಿ ಬಂದಾಗಿಂದ ಇದೇ ಮುಖ. ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ನನ್ನ ತಮ್ಮ ಅಲ್ಲ, ನಿನ್ನ ತಂಗಿ ಗಂಡ" ಎಂದೆ. ಆ ಹೊತ್ತಿನಲ್ಲಿ ಬಾಯಿಗೆ ಬಂದ ಸತ್ಯ ಅದೊಂದೇ. ಆಮೇಲೆ, "ಹೌದು, ಹಲ್ಲುನೋವೇ" ಎಂದು ಕೆನ್ನೆ ಹಿಡಿದುಕೊಂಡೆ. ಮುಖ ಹೇಗೂ ತಯಾರಾಗಿಯೇ ಇತ್ತು.

ಕೆಲಸ ನನಗೇ ಸಿಕ್ಕಿತು. ಷಡ್ಡಕ ಚಪ್ಪಾಳೆ ತಟ್ಟಿದ. ಮಾವ ಎಲ್ಲರ ಎದುರು, "ನಮ್ಮ ದೊಡ್ಡಳಿಯಂದಿರು ಕಲಾವಿದರಲ್ವೇ!" ಎಂದರು. ನಾನು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ, ಎಡ ಮಗ್ಗುಲಿಗೆ. ಬೇರೆ ಮಗ್ಗುಲಿಗೆ ಕತ್ತು ಬರುತ್ತಿರಲಿಲ್ಲ.

ಆದರೆ ಡಾಕ್ಟರು ಒಂದು ಷರತ್ತು ಹಾಕಿದ್ದರು. "ಬರೀ ನೋವು ತೋರಿಸಿದ್ರೆ ಮಕ್ಕಳು ಬೀದಿಯಿಂದಲೇ ಓಡಿಹೋಗ್ತವೆ. ಇದೇ ಮನುಷ್ಯ ಕುರ್ಚಿ ಮೇಲೆ ಕೂತು, ಚಿಕಿತ್ಸೆ ಆದಮೇಲೆ ನಗ್ತಾ ಎದ್ದು ಬರಬೇಕು."

ನಗು ತಾನೆ, ಅದೇನು ಮಹಾ ಎಂದು ಕನ್ನಡಿಯ ಮುಂದೆ ಕೂತೆ. ನಕ್ಕೆ. ಕನ್ನಡಿಯಲ್ಲಿ ಒಬ್ಬ ಮನುಷ್ಯ ಕಬ್ಬಿಣದ ಬೀರು ಎತ್ತುತ್ತಿದ್ದ. ಹಾಗೆಯೇ ಬರೆದು ಕಳಿಸಿದೆ. "ನೋವು ಜಾಸ್ತಿಯಾದ ಹಾಗಿದೆ" ಎಂದು ಡಾಕ್ಟರು ವಾಪಸು ಕಳಿಸಿದರು. ಸಂತೋಷದ ಸಂಗತಿಗಳನ್ನು ನೆನೆಸಿಕೊಂಡು ಮತ್ತೆ ನಕ್ಕೆ. ಷಡ್ಡಕನ ಕೈಯಿಂದ ಕೆಲಸ ತಪ್ಪಿದ್ದನ್ನು ನೆನೆಸಿಕೊಂಡಾಗ ಮುಖದಲ್ಲಿ ಏನೋ ಮೂಡಿತು, ಅದನ್ನು ಬರೆದೆ. "ಇದನ್ನ ನೋಡಿದ್ರೆ ಮಕ್ಕಳಿಗೆ ಜ್ವರ ಬರುತ್ತೆ ಮೇಷ್ಟ್ರೇ" ಎಂದರು ಡಾಕ್ಟರು. "ನಿಮ್ಮಿಂದ ಆಗಲ್ಲ ಅಂದ್ರೆ ಹೇಳಿ, ಬೇರೆಯವರ ಹತ್ರ..."

ಬೇರೆಯವರು ಯಾರೆಂದು ಅವರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಆ ಸಂಜೆ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ ಫೋನು ಮಾಡಿದಳು. ಷಡ್ಡಕ ಅಂಗಡಿ ಬಾಗಿಲು ಹಾಕಿ ಓಡಿಬಂದ. ಬಂದವನು ಮೊದಲು ಮೇಜಿನ ಕಾಲಿಗೆ ಮರದ ತುಂಡು ಸೇರಿಸಿ ಗಟ್ಟಿ ಮಾಡಿದ. ಟ್ರಂಕನ್ನು ಅಟ್ಟಕ್ಕೆ ಕಳಿಸಿ ಕುರ್ಚಿಯನ್ನು ಎತ್ತರಿಸಿದ. "ನೆಟ್ಟಗೆ ಕೂತ್ಕೊಳ್ಳಿ ಅಣ್ಣಾ" ಎಂದು ನನ್ನ ಕೈಗೆ ಪೆನ್ನು ಕೊಟ್ಟು ಮೂಲೆಗಳ ಗುರುತುಗಳಿಗೆ ಅದನ್ನು ಹೊಸದಾಗಿ ತಾಗಿಸಲು ಹೇಳಿದ. ಗೀಟು ಪೆನ್ನಿನ ಅಡಿಯಲ್ಲೇ ಬಂತು. ನನ್ನ ಕತ್ತು ಬಹಳ ದಿನಗಳ ಮೇಲೆ ಭುಜಗಳ ನಡುವೆ ನಿಂತಿತು. ಇಂಥ ಉಪಕಾರ ಮಾಡುವವನನ್ನು ಕಂಡರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ?

"ಈಗ ನಾನೇನು ಮಾಡಬೇಕು?" ಎಂದ.

"ಅಲ್ಲಿ ಕನ್ನಡಿ ಜಾಗದಲ್ಲಿ ಕೂತ್ಕೊಂಡು ನಗು."

ಅವನು ಕೂತು ನಕ್ಕ. ಯಾಕೆ ನಗಬೇಕು ಎಂದು ಕೂಡ ಕೇಳಲಿಲ್ಲ. ಕಣ್ಣಿನಿಂದ ಶುರುವಾಗಿ, ಕೆನ್ನೆಗೆ ಇಳಿದು, ಕಿವಿಯವರೆಗೂ ಹರಡುವ ನಗು. ನನ್ನ ಹೆಂಡತಿ ಬಾಗಿಲಲ್ಲಿ ನಿಂತವಳು ಸುಮ್ಮನೆ ತಾನೂ ನಕ್ಕಳು. ನಾನು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಆ ನಗುವನ್ನು ಒಂದು ಗೆರೆಯೂ ಬಿಡದೆ ಇಳಿಸಿದೆ. ಕಲಾವಿದ ಎಂದ ಮೇಲೆ ಇಳಿಸಬೇಕು, ಬೇರೆ ದಾರಿಯಿಲ್ಲ. ನನ್ನ ಜೀವಮಾನದಲ್ಲಿ ಬರೆದ ಚಿತ್ರಗಳಲ್ಲೆಲ್ಲ ಅದೇ ಚೆನ್ನಾಗಿ ಬಂತು.

ಕ್ಲಿನಿಕ್ಕಿನಲ್ಲಿ ಕಾರ್ಟೂನು ಮೊದಲ ಸಲ ಹಾಕಿದ ದಿನ ನಾವೆಲ್ಲ ಹೋಗಿದ್ದೆವು. ಬೆಂಚಿನ ತುಂಬ ಮಕ್ಕಳು, ತಾಯಂದಿರು. ಟಿವಿಯಲ್ಲಿ ನಾನು ಕೆನ್ನೆ ಹಿಡಿದುಕೊಂಡು ನರಳಿದೆ. ಮಕ್ಕಳು ನಕ್ಕವು. ನಾನು ಗೋಡೆಗೆ ಹಣೆ ಚಚ್ಚಿಕೊಂಡೆ. ಮಕ್ಕಳು ಇನ್ನೂ ಜೋರಾಗಿ ನಕ್ಕವು. ಆಮೇಲೆ ನಾನು ಡಾಕ್ಟರ ಕುರ್ಚಿಯ ಮೇಲೆ ಕೂತೆ. ಬಿಳಿ ಕೋಟು ಅಡ್ಡ ಬಂದು ಸರಿಯಿತು. ಕುರ್ಚಿಯಿಂದ ಎದ್ದವನ ಕತ್ತು ನೆಟ್ಟಗಿತ್ತು, ಮುಖದ ತುಂಬ ಆ ನಗು. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ ಒಂದು ಮಗು ಕೈಬಿಟ್ಟು ಒಳಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ನನಗೆ ಬಿದ್ದ ಚಪ್ಪಾಳೆ, ನನ್ನ ಕಿವಿಯಾರೆ ಕೇಳಿದೆ.

ಮಾವ ಕನ್ನಡಕ ಸರಿಮಾಡಿಕೊಂಡು, ಒಮ್ಮೆ ಟಿವಿಯನ್ನು, ಒಮ್ಮೆ ನನ್ನನ್ನು, ಒಮ್ಮೆ ಪಕ್ಕದಲ್ಲಿದ್ದ ಷಡ್ಡಕನನ್ನು ನೋಡಿದರು. ಆಮೇಲೆ ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ ಡಾಕ್ಟರಿಗೆ ಹೇಳಿದರು:

"ನಿಮ್ಮ ಕೈಗುಣ ದೊಡ್ಡದು ಡಾಕ್ಟ್ರೇ! ಒಂದು ಹಲ್ಲು ಸರಿಮಾಡಿದ್ದಕ್ಕೆ ನಮ್ಮ ದೊಡ್ಡಳಿಯಂದಿರು ಥೇಟ್ ಚಿಕ್ಕಳಿಯಂದಿರ ಹಾಗೇ ಆಗ್ಬಿಟ್ರು ನೋಡಿ!"

ಷಡ್ಡಕ ನಕ್ಕ. ಮಕ್ಕಳು ಅವನ ಮುಖ ನೋಡಿದವು, ಟಿವಿ ನೋಡಿದವು, ಗುರುತು ಹಿಡಿದು ಓಡಿಹೋಗಿ ಅವನನ್ನೇ ಮುತ್ತಿಕೊಂಡವು.